ಮೆಟಲ್ ಡಿಟೆಕ್ಟರ್ ಮತ್ತು ಹಳೆಯ ಬಾಟಲಿಗಳ ಹುಡುಕಾಟ: ಹೊಸಬರು ಯಾವುದರಿಂದ ಆರಂಭಿಸಬೇಕು?

ಹೊಸಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಮಧ್ಯಮ ದರ್ಜೆಯ ಮೆಟಲ್ ಡಿಟೆಕ್ಟರೊಂದನ್ನು ಕೊಂಡು, ಪರಿಚಿತರೊಬ್ಬರ ಜಮೀನಿನಲ್ಲಿ ಅವರ ಒಪ್ಪಿಗೆ ಪಡೆದು ಅಭ್ಯಾಸ ಆರಂಭಿಸಿದ್ದೇನೆ. ಪರದೆಯ ಮೇಲೆ ನಾಣ್ಯಕ್ಕೆ ಹೊಂದುವ ಸಂಖ್ಯೆ ಮೂಡುತ್ತದೆ, ಸದ್ದೂ ಸ್ಪಷ್ಟವಾಗಿ ಕೇಳುತ್ತದೆ, ಆದರೆ ಅಗೆದು ನೋಡಿದರೆ ಬಾಟಲಿಯ ಮುಚ್ಚಳವೋ, ಪಾನೀಯದ ಡಬ್ಬಿ ತೆರೆಯುವ ಅಲ್ಯೂಮಿನಿಯಂ ಉಂಗುರವೋ ಸಿಗುತ್ತದೆ. ಇದಕ್ಕೆ ಕಾರಣ ಯಂತ್ರದ ಹೊಂದಾಣಿಕೆಯೇ, ನನ್ನ ಕೈ ಇನ್ನೂ ಪಳಗದಿರುವುದೇ?

ಎರಡನೆಯ ಪ್ರಶ್ನೆ ಬಾಟಲಿಗಳ ಕುರಿತದ್ದು. ಅದೇ ಜಮೀನಿನ ಅಂಚಿನಲ್ಲಿ ಹಿಂದಿನವರು ಕಸ ಸುರಿಯುತ್ತಿದ್ದ ಜಾಗವಿದೆ. ಅಲ್ಲಿ ಗಾಜಿನ ಚೂರುಗಳು ಮೇಲೆಯೇ ಕಾಣುತ್ತವೆ. ಅವುಗಳ ನಡುವೆ ಗಾಢ ನೀಲಿ ಬಣ್ಣದ, ಹೊರಮೈಯಲ್ಲಿ ಉಬ್ಬುಗೆರೆಗಳಿರುವ ದಪ್ಪ ಚೂರೊಂದಿತ್ತು. ಯಂತ್ರವನ್ನು ಅಲ್ಲಿಗೆ ಒಯ್ದರೆ ಬಿಡುವಿಲ್ಲದೆ ಅರಚುತ್ತದೆ. ಅದು ಗಾಜನ್ನು ಗುರುತಿಸುತ್ತಿದೆಯೇ? ಎರಡೂ ಹವ್ಯಾಸಗಳನ್ನು ಒಟ್ಟಿಗೆ ಕಲಿಯಬಹುದೇ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಕೇ?

ಸುರುಳಿಸದ್ದು:
ಯಂತ್ರ ಸರಿಯಾಗಿಯೇ ಇದೆ. ಅದರ ಕೆಳತುದಿಯ ತಟ್ಟೆಯೊಳಗಿನ ತಂತಿಸುರುಳಿಗೆ ಕಾಯಿಲ್ ಎನ್ನುತ್ತಾರೆ. ಕಾಯಿಲ್‌ನಿಂದ ಹೊರಡುವ ಬದಲಾಗುವ ಕಾಂತಕ್ಷೇತ್ರವು ನೆಲದಲ್ಲಿರುವ ಲೋಹದೊಳಗೆ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಆ ವಿದ್ಯುತ್ತು ತನ್ನದೇ ಒಂದು ಸಣ್ಣ ಕ್ಷೇತ್ರವನ್ನು ಹಿಂದಕ್ಕೆ ಕಳುಹಿಸುತ್ತದೆ, ಆ ಮರುಕ್ಷೇತ್ರ ಎಷ್ಟು ತಡವಾಗಿ ಬಂದಿತೆಂಬುದನ್ನು ಅಳೆದು ಯಂತ್ರವು ಪರದೆಯ ಮೇಲೆ ಸಂಖ್ಯೆಯನ್ನು ತೋರಿಸುತ್ತದೆ. ಲೋಹದ ವಾಹಕತೆ, ಗಾತ್ರ, ದಪ್ಪ, ಆಕಾರ ಮತ್ತು ಅದು ನೆಲದಲ್ಲಿ ಯಾವ ಕೋನದಲ್ಲಿ ಮಲಗಿದೆ ಎಂಬುದು, ಇವೆಲ್ಲವೂ ಸೇರಿ ಆ ಸಂಖ್ಯೆಯಾಗುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಉಂಗುರವೂ ಚಿನ್ನದ ಉಂಗುರವೂ ಒಂದೇ ಸಂಖ್ಯೆಯನ್ನು ಕೊಡುವುದು ತೀರಾ ಸಾಮಾನ್ಯ. ಅದನ್ನು ವಸ್ತುವಿನ ಹೆಸರೆಂದು ಓದಬೇಡಿ.

ಮುಚ್ಚಳಗಳಿಗೆ ಒಂದು ಉಪಾಯವಿದೆ. ಸದ್ದು ಬಂದ ಜಾಗದ ನೇರ ಮೇಲೆ ಕಾಯಿಲ್ ಅನ್ನು ಚಿಕ್ಕದಾಗಿ ಆಡಿಸುತ್ತಾ ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ನಾಣ್ಯವಾಗಿದ್ದರೆ ಸದ್ದು ಒಂದೇ ಸ್ವರದಲ್ಲಿ ಕ್ಷೀಣಿಸುತ್ತದೆ. ಉಕ್ಕಿನ ಮುಚ್ಚಳವಾಗಿದ್ದರೆ ಕಾಯಿಲ್‌ನ ಅಂಚು ದಾಟುವಾಗ ಕಬ್ಬಿಣದ ತಗ್ಗು ಸ್ವರ ಮುರುಕಾಗಿ ಕೇಳಿಸುತ್ತದೆ. ಆಮೇಲೆ ತೊಂಬತ್ತು ಡಿಗ್ರಿ ತಿರುಗಿ ನಿಂತು ಅದೇ ಜಾಗವನ್ನು ಅಡ್ಡವಾಗಿ ನೋಡಿ. ಎರಡೂ ದಿಕ್ಕಿನಲ್ಲಿ ಸಂಖ್ಯೆ ಸ್ಥಿರವಾಗಿದ್ದರೆ ಅಗೆಯಲು ಅದು ಒಳ್ಳೆಯ ಕಾರಣ.

ಕರಣೆಕೈ:
ಮೊದಲ ಕೆಲವು ತಿಂಗಳು ಡಿಸ್ಕ್ರಿಮಿನೇಷನ್ (ಬೇಡದ ಲೋಹಗಳ ಸದ್ದನ್ನು ಅಡಗಿಸುವ ಹೊಂದಾಣಿಕೆ) ಪೂರ್ತಿ ತೆಗೆದುಹಾಕಿ, ಸದ್ದು ಬಂದುದನ್ನೆಲ್ಲ ಅಗೆಯಿರಿ. ಕಿವಿ ಪಳಗಲು ಬೇರೆ ದಾರಿಯಿಲ್ಲ.

ನಿಧಾನಗತಿ:
ಕರಣೆಕೈ ಅವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಎಲ್ಲವನ್ನೂ ಕೇಳಬೇಕು ಎಂಬುದು ಸರಿ, ಎಲ್ಲವನ್ನೂ ಅಗೆಯಬೇಕು ಎಂಬುದು ಸರಿಯಲ್ಲ. ಮೊಳೆಗಳು ತುಂಬಿದ ನೆಲದಲ್ಲಿ ಎಲ್ಲವನ್ನೂ ಅಗೆಯಲು ಹೊರಟವರು ಬೇಗ ಬೇಸತ್ತು ಯಂತ್ರವನ್ನು ಅಟ್ಟಕ್ಕೇರಿಸುತ್ತಾರೆ. ಅಂಥವರನ್ನು ನೋಡಿ ನೋಡಿ ನನಗೆ ಬೇಸರವಾಗಿದೆ. ಅದಕ್ಕಿಂತ ಒಂದು ಪರೀಕ್ಷಾ ಮಡಿಯನ್ನು ಮಾಡಿಕೊಳ್ಳಿ. ಲೋಹವಿಲ್ಲದ ಸಣ್ಣ ಜಾಗವನ್ನು ಆರಿಸಿ, ಬೇರೆ ಬೇರೆ ಲೋಹದ ನಾಣ್ಯ, ಮೊಳೆ, ಮುಚ್ಚಳ, ಹಳೆಯ ಉಂಗುರ ಇವುಗಳನ್ನು 5, 10 ಮತ್ತು 15 ಸೆಂಟಿಮೀಟರ್ ಆಳದಲ್ಲಿ ಸಾಕಷ್ಟು ಅಂತರ ಬಿಟ್ಟು ಹೂಳಿ, ಯಾವುದು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಒಂದು ಮೊಳೆಯನ್ನು ನಾಣ್ಯದ ಪಕ್ಕದಲ್ಲೇ ಹೂಳಿ ನೋಡಿ. ಕಬ್ಬಿಣವು ಒಳ್ಳೆಯ ಸದ್ದನ್ನು ಹೇಗೆ ನುಂಗಿಹಾಕುತ್ತದೆ ಎಂಬುದು ಆಗ ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಹೊಸಬರಲ್ಲಿ ಹೆಚ್ಚಿನವರು ಕಾಯಿಲ್ ಅನ್ನು ವೇಗವಾಗಿ ಬೀಸುತ್ತಾರೆ ಮತ್ತು ಬೀಸುವಿಕೆಯ ಎರಡು ತುದಿಗಳಲ್ಲಿ ಅದನ್ನು ಮೇಲಕ್ಕೆತ್ತುತ್ತಾರೆ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ, ಎರಡು ಮೂರು ಸೆಂಟಿಮೀಟರ್ ಮೇಲೆಯೇ ಸಾಗಬೇಕು. ಪ್ರತಿ ಬೀಸು ಹಿಂದಿನದರ ಅರ್ಧದಷ್ಟನ್ನಾದರೂ ಆವರಿಸಬೇಕು. ಆಳ ಹೆಚ್ಚಿದಂತೆ ಸಂಕೇತ ಬಹಳ ಬೇಗ ಕ್ಷೀಣಿಸುತ್ತದೆ. ಸಾಮಾನ್ಯ ಹವ್ಯಾಸಿ ಯಂತ್ರವು ನಾಣ್ಯದ ಗಾತ್ರದ ವಸ್ತುವನ್ನು ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ಆಳದವರೆಗೆ ಹಿಡಿದರೆ ಅದು ಒಳ್ಳೆಯ ಕೆಲಸವೇ. ಆದ್ದರಿಂದ ಗಾಳಿಯಲ್ಲಿ ಕಳೆದುಕೊಳ್ಳುವ ಒಂದೊಂದು ಸೆಂಟಿಮೀಟರೂ ನಷ್ಟ.

ಕರಣೆಕೈ:
ಪರೀಕ್ಷಾ ಮಡಿ ಒಳ್ಳೆಯದೇ. ಆದರೆ ಈಗಷ್ಟೇ ಹೂತ ನಾಣ್ಯವೂ ಎಷ್ಟೋ ವರ್ಷ ಮಣ್ಣಿನಲ್ಲಿದ್ದ ನಾಣ್ಯವೂ ಒಂದೇ ರೀತಿ ಸದ್ದು ಮಾಡುವುದಿಲ್ಲ. ಕೆದಕಿದ ಮಣ್ಣಿನ ರಚನೆಯೇ ಬೇರೆ. ಮಡಿಯಲ್ಲಿ ಕಲಿತದ್ದನ್ನು ಹೊಲದಲ್ಲಿ ಹಾಗೆಯೇ ನಂಬಿದರೆ ಒಳ್ಳೆಯ ವಸ್ತುಗಳನ್ನು ಬಿಟ್ಟು ಬರುತ್ತೀರಿ.

ಸುರುಳಿಸದ್ದು:
ಇಬ್ಬರೂ ಹೇಳದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಕಬ್ಬಿಣಾಂಶ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ನೆಲವೇ ಸದ್ದು ಮಾಡುತ್ತದೆ. ಅದಕ್ಕಾಗಿಯೇ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸದ್ದನ್ನು ತಗ್ಗಿಸುವ ಹೊಂದಾಣಿಕೆ, ಇರುವುದು. ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಅನ್ನು ನೆಲದ ಸಮೀಪದಿಂದ ಮೊಣಕಾಲಿನ ಎತ್ತರದವರೆಗೆ ಮೇಲೆ ಕೆಳಗೆ ಆಡಿಸುತ್ತಾ, ಸದ್ದು ಸಮನಾಗುವವರೆಗೆ ಹೊಂದಿಸಿಕೊಳ್ಳಿ. ಜಾಗ ಬದಲಾದಾಗ ಮತ್ತೆ ಹೊಂದಿಸಿ. ಹೊಸಬರು ಸೆನ್ಸಿಟಿವಿಟಿಯನ್ನು ತುತ್ತತುದಿಗೇರಿಸಿ ಗಲಾಟೆಯಲ್ಲಿ ಹುಡುಕುತ್ತಾರೆ. ಎರಡು ಹಂತ ಇಳಿಸಿದರೆ ಆಳ ಅಷ್ಟೇನೂ ಕಡಿಮೆಯಾಗುವುದಿಲ್ಲ, ಆದರೆ ನಿಜವಾದ ಸದ್ದು ಬೇರೆಯಾಗಿ ಕೇಳಿಸತೊಡಗುತ್ತದೆ. ಬಿಟ್ಟು ಬಿಟ್ಟು ವಿದ್ಯುತ್ ಮಿಡಿತಗಳನ್ನು ಕಳುಹಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು ಇಂಥ ನೆಲವನ್ನೂ ಉಪ್ಪುನೀರಿನ ಮರಳನ್ನೂ ಚೆನ್ನಾಗಿ ಸಹಿಸುತ್ತವೆ, ಆದರೆ ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಹಿಂದೆ ಬೀಳುತ್ತವೆ. ಆದ್ದರಿಂದ ಆರಂಭಕ್ಕೆ ಅವು ಬೇಡ.

ಗಾಜುಗನ್ನಡಿ:
ಎರಡನೆಯ ಪ್ರಶ್ನೆಗೆ ಬರುತ್ತೇನೆ. ಡಿಟೆಕ್ಟರ್‌ಗೆ ಗಾಜು ಕಾಣಿಸುವುದಿಲ್ಲ, ಏಕೆಂದರೆ ಗಾಜಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ನಿಮ್ಮ ತಿಪ್ಪೆಯಲ್ಲಿ ಅದು ಅರಚುತ್ತಿರುವುದು ತುಕ್ಕು ಹಿಡಿದ ಡಬ್ಬಿ, ತಂತಿ, ಬಕೆಟ್ಟಿನ ಹಿಡಿ ಇಂಥವುಗಳಿಗೆ. ಆದರೂ ಬಾಟಲಿ ಹುಡುಕುವವರಿಗೆ ಆ ಯಂತ್ರ ಬಹಳ ಉಪಯುಕ್ತ. ಡಿಸ್ಕ್ರಿಮಿನೇಷನ್ ತೆಗೆದು ಹೊರಗಿನಿಂದ ಒಳಮುಖವಾಗಿ ನಡೆಯುತ್ತಾ ಬನ್ನಿ. ಕಬ್ಬಿಣದ ಸದ್ದು ದಟ್ಟವಾಗುವ ಗೆರೆಯ ಮೇಲೆ ಗೂಟ ನೆಡುತ್ತಾ ಹೋದರೆ ತಿಪ್ಪೆಯ ಅಂಚು ನೆಲದ ಮೇಲೆಯೇ ಮೂಡುತ್ತದೆ. ಎರಡೂ ಹವ್ಯಾಸಗಳು ಕೂಡುವುದು ಇಲ್ಲಿಯೇ. ಆದ್ದರಿಂದ ಒಟ್ಟಿಗೆ ಕಲಿಯಬಹುದೇ ಎಂದು ಕೇಳಿದರೆ, ನಿಮ್ಮ ಜಾಗವೇ ಅದಕ್ಕೆ ಹೇಳಿ ಮಾಡಿಸಿದಂತಿದೆ ಎನ್ನುತ್ತೇನೆ.

ಅಂಚು ಸಿಕ್ಕ ಮೇಲೆ ಬೇಕಾಗುವುದು ಶೋಧಕಡ್ಡಿ. ಮೇಲ್ತುದಿಯಲ್ಲಿ ಅಡ್ಡ ಹಿಡಿಯಿರುವ, ತೆಳುವಾದ, ಬಾಗಿದರೂ ಮುರಿಯದ ಸ್ಪ್ರಿಂಗ್ ಉಕ್ಕಿನ ಸರಳು ಅದು. ಕೆಳತುದಿಯಲ್ಲಿ ಸರಳಿಗಿಂತ ಸ್ವಲ್ಪ ದಪ್ಪದ ಗುಂಡು ಇದ್ದರೆ ಒಳ್ಳೆಯದು, ಏಕೆಂದರೆ ಆಗ ಮಣ್ಣು ಸರಳಿನ ಉದ್ದಕ್ಕೂ ಉಜ್ಜುವುದಿಲ್ಲ, ತುದಿ ಮುಟ್ಟಿದ್ದು ಮಾತ್ರ ಕೈಗೆ ತಿಳಿಯುತ್ತದೆ. ನಿಧಾನವಾಗಿ, ದೇಹದ ಭಾರ ಹಾಕದೆ ಇಳಿಸಿ. ಯಾರೂ ಮುಟ್ಟದ ನೆಲ ಒಂದೇ ಸಮನೆ ಗಟ್ಟಿಯಾಗಿರುತ್ತದೆ. ತುಂಬಿದ ಗುಂಡಿಯಲ್ಲಿ ಸರಳು ಥಟ್ಟನೆ ಸಡಿಲವಾಗಿ ಇಳಿಯುತ್ತದೆ. ಬೂದಿಯ ಪದರ ಬಂದಾಗ ಕರಕರ ಎನ್ನುತ್ತದೆ, ಕಲ್ಲಿಗೆ ಮೊಂಡಾಗಿ ನಿಲ್ಲುತ್ತದೆ, ಗಾಜಿಗೆ ತಾಗಿದಾಗ ನುಣುಪಾದ ಮೇಲ್ಮೈಯ ಮೇಲೆ ಜಾರಿದ ಅನುಭವವೂ ಸಣ್ಣ ಟಿಣ್ ಎಂಬ ಸದ್ದೂ ಬರುತ್ತವೆ. ಸರಳನ್ನು ಹೊರಗೆಳೆದು ತುದಿಗೆ ಅಂಟಿದ ಮಣ್ಣನ್ನು ನೋಡಿ. ಕಪ್ಪು ಬೂದಿ, ಇದ್ದಿಲ ಚೂರು, ಇಟ್ಟಿಗೆಯ ಪುಡಿ ಇದ್ದರೆ ಅಗೆಯಲು ಯೋಗ್ಯವಾದ ಜಾಗ. ಒಂದು ಎಚ್ಚರಿಕೆ: ನೆಲದಡಿಯಲ್ಲಿ ವಿದ್ಯುತ್ ತಂತಿ, ಅನಿಲ ಅಥವಾ ನೀರಿನ ಕೊಳವೆ ಹಾದುಹೋಗಿದೆಯೇ ಎಂದು ತಿಳಿಯದೆ ಸರಳನ್ನು ನೆಲಕ್ಕೆ ಇಳಿಸಲೇಬಾರದು.

ಪದರಪದರ:
ಪುರಾತತ್ತ್ವದಲ್ಲಿ ಆಸಕ್ತಿಯಿರುವ ನಾನು ಇಲ್ಲಿ ಅಡ್ಡ ಬರಲೇಬೇಕಾಗಿದೆ. ಎಲ್ಲರೂ ಹೇಗೆ ತೆಗೆಯಬೇಕೆಂದು ಹೇಳುತ್ತಿದ್ದೀರಿ, ಯಾವಾಗ ಕೈ ತಡೆಯಬೇಕೆಂದು ಯಾರೂ ಹೇಳುತ್ತಿಲ್ಲ. ಒಂದು ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ಆಳದಲ್ಲಿ ಇತ್ತು ಎಂಬ ಮಾಹಿತಿ ಅಗೆದ ಕ್ಷಣದಲ್ಲೇ ಶಾಶ್ವತವಾಗಿ ಅಳಿದುಹೋಗುತ್ತದೆ. ವಸ್ತುವನ್ನು ಕಪಾಟಿನಲ್ಲಿಟ್ಟರೆ ಆ ಮಾಹಿತಿ ಮರಳುವುದಿಲ್ಲ.

ಇಂಗ್ಲೆಂಡಿನ ಹಾಕ್ಸನ್‌ನಲ್ಲಿ 1992ರ ನವೆಂಬರಿನಲ್ಲಿ ನಡೆದದ್ದನ್ನು ಪ್ರತಿಯೊಬ್ಬ ಹೊಸಬರೂ ತಿಳಿದಿರಬೇಕು. ರೈತರೊಬ್ಬರು ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಎರಿಕ್ ಲಾಸ್ ಎಂಬ ಹವ್ಯಾಸಿ ಡಿಟೆಕ್ಟರ್ ಹಿಡಿದು ಹೊಲಕ್ಕಿಳಿದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ ಬೆಳ್ಳಿಯ ನಾಣ್ಯಗಳು, ಚಮಚಗಳು. ಸ್ವಲ್ಪ ತೆಗೆದ ನಂತರ ಅವರು ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ಪುರಾತತ್ತ್ವಜ್ಞರು ಬಂದು ಉಳಿದದ್ದನ್ನು ಕ್ರಮವಾಗಿ ತೆಗೆದರು. ಸುಮಾರು 15,000 ನಾಣ್ಯಗಳಿದ್ದ ಆ ನಿಧಿಯನ್ನು ಓಕ್ ಮರದ ಪೆಟ್ಟಿಗೆಯಲ್ಲಿ ಇಡಲಾಗಿತ್ತು, ಒಳಗೆ ಇನ್ನೂ ಚಿಕ್ಕ ಪೆಟ್ಟಿಗೆಗಳಿದ್ದವು ಎಂಬುದೆಲ್ಲ ನಮಗೆ ಇಂದು ತಿಳಿದಿರುವುದು ಅವರು ಕೈ ತಡೆದದ್ದರಿಂದ. ಆ ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಸಲಿಕೆಸಂಗಾತಿ:
ಹಾಕ್ಸನ್ ಉದಾಹರಣೆ ಒಳ್ಳೆಯದು, ಆದರೆ ಉಳುಮೆಯಲ್ಲಿ ನೂರಾರು ಬಾರಿ ಮಗುಚಿದ ಮೇಲ್ಮಣ್ಣಿನಲ್ಲಿ ಯಾವ ಪದರ ಉಳಿದಿರುತ್ತದೆ? ಅಲ್ಲಿ ಬಿಟ್ಟ ನಾಣ್ಯವನ್ನು ನೇಗಿಲೂ ಗೊಬ್ಬರದ ರಸಾಯನವೂ ತಿಂದುಹಾಕುತ್ತವೆ. ಅದನ್ನು ಎತ್ತಿಕೊಳ್ಳುವವರನ್ನು ಅಪರಾಧಿಗಳಂತೆ ಕಾಣುವುದು ನ್ಯಾಯವಲ್ಲ.

ಪದರಪದರ:
ಅಪರಾಧಿಗಳೆಂದು ನಾನು ಹೇಳಲಿಲ್ಲ. ಉಳುಮೆಯ ಮಣ್ಣಿನಲ್ಲಿಯೂ ವಸ್ತುಗಳು ಹರಡಿದ ರೀತಿಗೆ ಅರ್ಥವಿದೆ. ಸಿಕ್ಕ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿ, ವಸ್ತುವನ್ನು ಸಂಖ್ಯೆ ಬರೆದ ಚೀಲದಲ್ಲಿ ಹಾಕಿದರೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಮೇಲ್ಮಣ್ಣಿನ ಕೆಳಗೆ ಮಣ್ಣಿನ ಬಣ್ಣ ಬದಲಾದರೆ, ಅಥವಾ ಒಂದೇ ಜಾಗದಲ್ಲಿ ಗುಂಪಾಗಿ ಹಳೆಯ ನಾಣ್ಯಗಳೋ, ಮಡಕೆಯೋ, ಮೂಳೆಗಳೋ ಕಂಡರೆ ಅಲ್ಲಿಗೆ ನಿಲ್ಲಿಸಬೇಕು.

ಕಾನೂನನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜಮೀನಿನವರ ಒಪ್ಪಿಗೆಯೊಂದೇ ಎಲ್ಲೆಡೆ ಸಾಲುವುದಿಲ್ಲ. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ನಿಧಿಯೆಂದು ಪರಿಗಣಿಸಬಹುದಾದ ವಸ್ತುವನ್ನು 14 ದಿನಗಳೊಳಗೆ ವರದಿ ಮಾಡಬೇಕು. ಐರ್ಲೆಂಡಿನಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಪುರಾತನ ವಸ್ತುಗಳನ್ನು ಹುಡುಕಲು ಡಿಟೆಕ್ಟರ್ ಬಳಸುವುದೇ ನಿಷಿದ್ಧ. ಭಾರತದಲ್ಲಿ 1878ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಸಿಕ್ಕ ಬೆಲೆಬಾಳುವ ವಸ್ತುವಿನ ವಿಷಯವನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, 1972ರ ಕಾಯ್ದೆಯು ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುಗಳನ್ನು ಪುರಾವಸ್ತುಗಳೆಂದು ಪರಿಗಣಿಸುತ್ತದೆ. ಹೊಸಹೆಜ್ಜೆ ಅವರೇ, ನೀವಿರುವ ಜಾಗಕ್ಕೆ ಅನ್ವಯಿಸುವ ಕಾನೂನನ್ನು ಮೊದಲು ಓದಿ. ಸಂರಕ್ಷಿತ ಸ್ಮಾರಕಗಳ ಹತ್ತಿರಕ್ಕೂ ಯಂತ್ರವನ್ನು ಒಯ್ಯಬೇಡಿ.

ಸಲಿಕೆಸಂಗಾತಿ:
ಇದನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪಿಗೆ ಪಡೆಯುವಾಗಲೇ ಸಿಕ್ಕಿದ್ದು ಯಾರಿಗೆ ಸೇರುತ್ತದೆ ಎಂಬುದನ್ನೂ ಬರೆದುಕೊಂಡರೆ ಸ್ನೇಹ ಉಳಿಯುತ್ತದೆ.

ಉಂಗುರಾನ್ವೇಷಿ:
ಸ್ವಲ್ಪ ಬೇರೆ ವಿಷಯ, ಆದರೆ ಹೊಸಬರಿಗೆ ಉಪಯೋಗವಾದೀತು. ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವುದು ಅತ್ಯುತ್ತಮ ಅಭ್ಯಾಸ. ತೋಟದ ಕೆಲಸ ಮಾಡುವಾಗ ಮಹಿಳೆಯೊಬ್ಬರ ಬೆರಳಿನಿಂದ ಜಾರಿದ ಮದುವೆಯ ಉಂಗುರವೊಂದನ್ನು ಮನೆಯವರೆಲ್ಲ ಸೇರಿ ಹುಡುಕಿ ಕೈಚೆಲ್ಲಿದ್ದರು. ಗೂಟಗಳ ನಡುವೆ ದಾರ ಕಟ್ಟಿ, ಒಂದು ಮೀಟರ್ ಅಗಲದ ಪಟ್ಟಿಗಳನ್ನಾಗಿ ಮಾಡಿ, ಒಂದೊಂದನ್ನೂ ಮುಗಿಸಿ ಮುಂದಿನದಕ್ಕೆ ಹೋದೆ. ಅವರು ತೋರಿಸಿದ ಜಾಗದಲ್ಲಿ ಅದಿರಲಿಲ್ಲ, ಬುಟ್ಟಿ ಕೊಡವಿದ ಮೂಲೆಯಲ್ಲಿ ಹುಲ್ಲಿನ ಬೇರಿನ ನಡುವೆ ಸಿಕ್ಕಿತು. ಆಕೆ ಅದನ್ನು ತೊಳೆಯದೆಯೇ ಬೆರಳಿಗೆ ಹಾಕಿಕೊಂಡರು. ಎಲ್ಲೆಂದರಲ್ಲಿ ಅಲೆಯುವುದಕ್ಕೂ ಪಟ್ಟಿ ಹಿಡಿದು ಹುಡುಕುವುದಕ್ಕೂ ಇರುವ ವ್ಯತ್ಯಾಸ ಅಂಥ ಕೆಲಸದಲ್ಲಿ ಚೆನ್ನಾಗಿ ತಿಳಿಯುತ್ತದೆ.

ಹಳೆಸುರುಳಿ:
ಕಳೆದದ್ದನ್ನು ಹುಡುಕುವ ಮಾತು ಬಂದಾಗ 1881 ನೆನಪಾಗುತ್ತದೆ. ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಆ ವರ್ಷದ ಜುಲೈನಲ್ಲಿ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡನ್ನು ಪತ್ತೆಹಚ್ಚಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಡಕ್ಷನ್ ಬ್ಯಾಲೆನ್ಸ್ ಎಂಬ ಉಪಕರಣವನ್ನು ತಂದರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಅದಕ್ಕೆ ಅಡ್ಡಿಯಾದವು. ಗುಂಡು ಬಲಬದಿಯಲ್ಲಿದೆ ಎಂದು ನಂಬಿದ್ದ ವೈದ್ಯರು ಅಲ್ಲಿ ಮಾತ್ರ ಹುಡುಕಿಸಿದರು, ಅದು ಇದ್ದದ್ದು ಎಡಬದಿಯಲ್ಲಿ. ಗಾರ್ಫೀಲ್ಡ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇಂದಿನ ನಮ್ಮ ಯಂತ್ರಗಳ ಮೂಲತತ್ತ್ವ ಅದೇ.

ಸುರುಳಿಸದ್ದು:
ಬೂಟಿನಲ್ಲಿ ಉಕ್ಕಿನ ಮೂತಿ ಇಟ್ಟುಕೊಂಡು ಕಾಯಿಲ್ ಬೀಸುವವರೂ ಆ ಸ್ಪ್ರಿಂಗುಗಳ ಪ್ರಸಂಗವನ್ನು ನೆನಪಿಡಬೇಕು.

ಗಟ್ಟಿಅಂಚು:
ತಿಪ್ಪೆ ಅಗೆಯುವ ಮಾತು ಬಂದಿದೆ, ಸುರಕ್ಷತೆಯ ಮಾತು ಬಂದಿಲ್ಲ. ಇದನ್ನು ಯಾರೂ ಹಾರಿಸಿ ಓದಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯವರೆಗೆ ಮಣ್ಣು ಕುಸಿದರೆ ತಲೆ ಹೊರಗಿದ್ದರೂ ಉಸಿರಾಡಲು ಆಗುವುದಿಲ್ಲ, ಪ್ರತಿ ಸಲ ಉಸಿರು ಬಿಟ್ಟಾಗ ಮಣ್ಣು ಇನ್ನಷ್ಟು ಬಿಗಿಯುತ್ತದೆ. ತಿಪ್ಪೆಯ ಮಣ್ಣು ಬೂದಿ, ಗಾಜು, ಡಬ್ಬಿಗಳ ಸಡಿಲ ರಾಶಿಯಾದ್ದರಿಂದ ಅದಕ್ಕೆ ಹಿಡಿತವೇ ಇಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು 5 ಅಡಿ ಮತ್ತು ಅದಕ್ಕಿಂತ ಆಳದ ಕಂದಕಕ್ಕೆ, ಅದು ಪೂರ್ತಿ ಗಟ್ಟಿ ಬಂಡೆಯಲ್ಲಿ ಕೊರೆದದ್ದಲ್ಲದಿದ್ದರೆ, ಕುಸಿತ ತಡೆಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿವೆ. ಅದೂ ನುರಿತ ಕೆಲಸಗಾರರಿಗೆ. ಹವ್ಯಾಸಿಗಳು ಸೊಂಟದ ಆಳಕ್ಕೆ ನಿಲ್ಲಿಸಬೇಕು, ಅಲ್ಲಿಯೂ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಗೋಡೆಯ ಬುಡವನ್ನು ಕೊರೆಯುತ್ತಾ ಒಳಗೆ ಹೋಗುವುದು. ಗೋಡೆಯೊಳಗೆ ಬಾಟಲಿಯ ಕುತ್ತಿಗೆ ಕಂಡಾಗ ಕೈ ತಾನಾಗಿ ಒಳಗೆ ಹೋಗುತ್ತದೆ, ಆ ಆಸೆ ನನಗೆ ಚೆನ್ನಾಗಿ ಗೊತ್ತು. ಮೇಲಿನ ಮಣ್ಣನ್ನು ತೆಗೆದು ಕೆಳಗಿಳಿಯಿರಿ, ಬಾಟಲಿ ಎಲ್ಲಿಗೂ ಓಡುವುದಿಲ್ಲ. ಒಬ್ಬರೇ ಅಗೆಯಬೇಡಿ. ದಪ್ಪ ಕೈಗವಸು, ಗಟ್ಟಿ ಅಡಿಯ ಬೂಟು, ಕನ್ನಡಕ ಇರಲಿ. ಧನುರ್ವಾಯುವಿನ ಲಸಿಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಶೆಲ್ ಅಥವಾ ಗ್ರೆನೇಡಿನಂತೆ ಕಾಣುವ ಏನೇ ಸಿಕ್ಕರೂ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಿ.

ಸಲಿಕೆಸಂಗಾತಿ:
ಸೊಂಟದ ಆಳ ಎಂಬುದು ತೀರಾ ಬಿಗಿಯಾಯಿತು. ಹಳೆಯ ಶೌಚಗುಂಡಿಗಳಲ್ಲಿ ಒಳ್ಳೆಯ ಬಾಟಲಿಗಳೆಲ್ಲ ತಳದ ಪದರದಲ್ಲೇ ಇರುತ್ತವೆ. ಇಟ್ಟಿಗೆ ಕಟ್ಟಿದ ಗುಂಡಿಯಲ್ಲಿ ಆಳಕ್ಕಿಳಿಯುವುದು ಅಷ್ಟೇನೂ ಅಪಾಯವಲ್ಲ.

ಗಟ್ಟಿಅಂಚು:
ಹಳೆಯ ಇಟ್ಟಿಗೆಯ ಗಾರೆ ಪುಡಿಯಾಗಿರುತ್ತದೆ, ಒಳಗಿನ ಮಣ್ಣು ತೆಗೆದೊಡನೆ ಗೋಡೆಗೆ ಆಧಾರ ತಪ್ಪುತ್ತದೆ. ಆ ಕೆಲಸ ಗೊತ್ತಿರುವವರು ಮರದ ಊರುಗೋಲುಗಳನ್ನು ಕೊಟ್ಟು, ಮೇಲೆ ಒಬ್ಬರನ್ನು ನಿಲ್ಲಿಸಿಕೊಂಡು ಇಳಿಯುತ್ತಾರೆ. ಪ್ರಶ್ನೆ ಕೇಳಿದವರು ಹೊಸಬರು. ಅವರಿಗೆ ನೀವು ಹೇಳುತ್ತಿರುವುದು ಸರಿಯಾದ ಸಲಹೆಯಲ್ಲ.

ಸಲಿಕೆಸಂಗಾತಿ:
ಹೊಸಬರ ಮಟ್ಟಿಗೆ ನಿಮ್ಮ ಮಾತೇ ಸರಿ.

ಗಾಜುಗನ್ನಡಿ:
ಹೊಸಹೆಜ್ಜೆ ಅವರ ನೀಲಿ ಚೂರಿನ ಬಗ್ಗೆಯೂ ಹೇಳಬೇಕು. ಗಾಢ ನೀಲಿ ಅಥವಾ ಹಸಿರು ಬಣ್ಣ, ಹೊರಮೈಯಲ್ಲಿ ಉಬ್ಬುಗೆರೆಗಳು, ಆರು ಮೂಲೆಯ ಆಕಾರ, ಇವು ಹಿಂದೆ ವಿಷದ ಬಾಟಲಿಗಳಿಗೆ ಕೊಡುತ್ತಿದ್ದ ಲಕ್ಷಣಗಳು. ರಾತ್ರಿ ಕತ್ತಲಲ್ಲಿ ಔಷಧಿಗೆಂದು ಕೈ ಚಾಚಿದವರು ಮುಟ್ಟಿದಾಗಲೇ ತಿಳಿಯಲಿ ಎಂಬುದು ಉದ್ದೇಶ. ಅಲ್ಲಿ ಒಂದು ಚೂರು ಇದೆಯೆಂದರೆ ಮುಚ್ಚಿದ ಬಾಟಲಿಯೂ ಇರಬಹುದು. ಒಳಗೆ ದ್ರವವೋ ಪುಡಿಯೋ ಉಳಿದಿರುವ ಬಾಟಲಿಯನ್ನು ತೆರೆಯಬೇಡಿ, ಮೂಸಬೇಡಿ, ಚರಂಡಿಗೆ ಸುರಿಯಬೇಡಿ. ಆರ್ಸೆನಿಕ್ ಮತ್ತು ಪಾದರಸದ ಸಂಯುಕ್ತಗಳು ಎಷ್ಟು ವರ್ಷ ಕಳೆದರೂ ವಿಷವಾಗಿಯೇ ಉಳಿಯುತ್ತವೆ.

ಹೊಸಹೆಜ್ಜೆ:
ಎಲ್ಲರಿಗೂ ಕೃತಜ್ಞತೆಗಳು. ಕಾನೂನನ್ನು ವಿಚಾರಿಸಿದ್ದೇನೆ, ಜಮೀನಿನವರಿಂದ ಲಿಖಿತ ಒಪ್ಪಿಗೆ ಪಡೆದಿದ್ದೇನೆ. ಗೂಟಗಳನ್ನು ನೆಟ್ಟು ತಿಪ್ಪೆಯ ಅಂಚನ್ನು ಗುರುತಿಸಿದೆ, ಸ್ನೇಹಿತರೊಬ್ಬರ ಜೊತೆ ಮೊಣಕಾಲಿನ ಆಳಕ್ಕೆ ಮಾತ್ರ ಅಗೆದೆವು. ಬೂದಿಯ ಪದರದಲ್ಲಿ ಒಡೆಯದ ಒಂದು ಬಾಟಲಿ ಸಿಕ್ಕಿದೆ. ತಿಳಿ ಹಸಿರುನೀಲಿ ಬಣ್ಣ, ಅಂಗೈಯಷ್ಟು ಉದ್ದ, ಚಪ್ಪಟೆ ಬದಿಗಳು, ಒಂದು ಬದಿಯಲ್ಲಿ ಅಳತೆಯ ಅಡ್ಡಗೆರೆಗಳು. ಎರಡೂ ಪಕ್ಕದಲ್ಲಿ ಅಚ್ಚಿನ ಗೆರೆ ಮೇಲೇರಿ ಬಾಯಿಯ ಸ್ವಲ್ಪ ಕೆಳಗೆ ಮಾಯವಾಗುತ್ತದೆ. ಬಾಯಿಯ ಸುತ್ತ ಕೂದಲಿನಷ್ಟು ಸಣ್ಣ ಅಡ್ಡಗೀರುಗಳಿವೆ. ಗಾಜಿನೊಳಗೆ ಗುಳ್ಳೆಗಳಿವೆ, ತಳದಲ್ಲಿ ಯಾವ ಕಲೆಯೂ ಇಲ್ಲ. ಒಳಗೆ ಒಣಮಣ್ಣು ತುಂಬಿದೆ, ಕುತ್ತಿಗೆಯಲ್ಲಿ ಬಿರಡೆಯ ತುಂಡೊಂದು ಉಳಿದಿದೆ. ಇದು ಎಷ್ಟು ಹಳೆಯದು?

ಕರಣೆಕೈ:
ಗುಳ್ಳೆಗಳಿದ್ದರೆ ಬಹಳ ಹಳೆಯದೇ. ಅಭಿನಂದನೆಗಳು!

ಗಾಜುಗನ್ನಡಿ:
ಅಭಿನಂದನೆಗಳಲ್ಲಿ ನಾನೂ ಸೇರುತ್ತೇನೆ, ಆದರೆ ಗುಳ್ಳೆಯನ್ನೇ ವಯಸ್ಸಿನ ಸಾಕ್ಷಿಯೆಂದು ಹಿಡಿಯಬಾರದು. ಗಾಜನ್ನು ಸರಿಯಾಗಿ ಹದಮಾಡದಿದ್ದರೆ ಇಂದಿಗೂ ಗುಳ್ಳೆ ಬರುತ್ತದೆ. ನೀವು ಬರೆದುದರಲ್ಲಿ ಮುಖ್ಯವಾದದ್ದು ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದು. ಗೆರೆ ಬಾಯಿಗಿಂತ ಕೆಳಗೆ ಮಾಯವಾಗಿ, ಬಾಯಿಯ ಸುತ್ತ ಅಡ್ಡಗೀರುಗಳಿದ್ದರೆ, ದೇಹವನ್ನು ಅಚ್ಚಿನಲ್ಲಿ ಊದಿ, ಬಾಯಿಯನ್ನು ಮತ್ತೆ ಕಾಯಿಸಿ ಉಪಕರಣದಿಂದ ತಿರುಗಿಸಿ ರೂಪಿಸಿದ್ದಾರೆ ಎಂದರ್ಥ. ಮೈಕೆಲ್ ಓವೆನ್ಸ್ ಅವರ ಸ್ವಯಂಚಾಲಿತ ಬಾಟಲಿ ಯಂತ್ರ ಬಂದದ್ದು 1903ರ ಸುಮಾರಿಗೆ. ಯಂತ್ರದ ಬಾಟಲಿಯಲ್ಲಿ ಗೆರೆ ಬಾಯಿಯ ಅಂಚಿನವರೆಗೂ ಹೋಗುತ್ತದೆ, ಓವೆನ್ಸ್ ಯಂತ್ರದ್ದಾದರೆ ತಳದಲ್ಲಿ ಮಧ್ಯದಿಂದ ಸ್ವಲ್ಪ ಸರಿದ ವೃತ್ತಾಕಾರದ ಗಾಯವೂ ಇರುತ್ತದೆ. ಊದುವ ಕಾಲದ ಇನ್ನೂ ಹಳೆಯ ಬಾಟಲಿಗಳ ತಳದಲ್ಲಿ, ಹಿಡಿದುಕೊಳ್ಳಲು ಕಬ್ಬಿಣದ ಸರಳು ಅಂಟಿಸಿ ಮುರಿದ ಒರಟು ಕಲೆ ಇರುತ್ತದೆ, ನಿಮ್ಮದರಲ್ಲಿ ಅದಿಲ್ಲ. ಇವೆಲ್ಲವನ್ನೂ ಕೂಡಿಸಿದರೆ 19ನೇ ಶತಮಾನದ ಕೊನೆಯ ಭಾಗದಿಂದ 20ನೇ ಶತಮಾನದ ಮೊದಲ ಎರಡು ದಶಕಗಳ ನಡುವಿನ ಔಷಧಿ ಬಾಟಲಿ ಎಂಬುದು ನನ್ನ ಅಂದಾಜು.

ಪದರಪದರ:
ಒಂದು ತಿದ್ದುಪಡಿ. ಅಚ್ಚಿನೊಳಗೆ ತಿರುಗಿಸಿ ತೆಗೆದ ಬಾಟಲಿಗಳಲ್ಲಿ ಗೆರೆಯೇ ಅಳಿದುಹೋಗಿರುತ್ತದೆ, ಯಂತ್ರದ ಬಾಟಲಿಗಳಲ್ಲೂ ಬಾಯಿಯನ್ನು ಬೆಂಕಿಯಲ್ಲಿ ನುಣುಪು ಮಾಡಿದಾಗ ಗೆರೆ ಮಸುಕಾಗುತ್ತದೆ. ಕೈಯಿಂದ ಊದುವುದು ಕೆಲವೆಡೆ ಯಂತ್ರ ಬಂದ ಎಷ್ಟೋ ಕಾಲದ ನಂತರವೂ ಮುಂದುವರಿಯಿತು. ಆದ್ದರಿಂದ ಅದೇ ಪದರದಲ್ಲಿ ಇನ್ನೇನು ಸಿಕ್ಕಿತು ಎಂಬುದನ್ನೂ ನೋಡಬೇಕು. ಅಂಚು ಮಡಚಿದ ಲೋಹದ ಕ್ರೌನ್ ಮುಚ್ಚಳಕ್ಕೆ ವಿಲಿಯಂ ಪೇಂಟರ್ ಪೇಟೆಂಟ್ ಪಡೆದದ್ದು 1892ರಲ್ಲಿ. ಆ ಬೂದಿಯಲ್ಲಿ ಅಂಥ ಒಂದು ಮುಚ್ಚಳ ಸಿಕ್ಕರೆ ಪದರ ಅದಕ್ಕಿಂತ ಹಳೆಯದಲ್ಲ.

ಸುರುಳಿಸದ್ದು:
ಹಾಗಾದರೆ ಅವರು ಹೊಲದಲ್ಲಿ ಬೇಸರಪಟ್ಟುಕೊಂಡು ಅಗೆದ ಮುಚ್ಚಳಗಳು ತಿಪ್ಪೆಯಲ್ಲಿ ಸಾಕ್ಷ್ಯವಾಗುತ್ತವೆ. ಅವುಗಳನ್ನು ಎಸೆಯದೆ ಪದರದ ಪ್ರಕಾರ ಡಬ್ಬಿಯಲ್ಲಿ ಇಡಿ.

ಉಂಗುರಾನ್ವೇಷಿ:
ಗೋಲಿ ಸೋಡಾ ಬಾಟಲಿ ಇಂಥ ತಿಪ್ಪೆಯಲ್ಲಿ ಸಿಗಬಹುದೇ?

ಗಾಜುಗನ್ನಡಿ:
ಸಿಗಬಹುದು. ಹಿರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಅದರ ಪೇಟೆಂಟ್ ಪಡೆದದ್ದು 1872ರಲ್ಲಿ. ಪಾನೀಯದೊಳಗಿನ ಅನಿಲದ ಒತ್ತಡವೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಆದರೆ ಗೋಲಿಗಾಗಿ ಮಕ್ಕಳು ಅವನ್ನು ಒಡೆಯುತ್ತಿದ್ದುದರಿಂದ ಕುತ್ತಿಗೆ ಮುರಿದವೇ ಹೆಚ್ಚು. ಅದಕ್ಕಿಂತ ಮೊದಲಿನ ಹ್ಯಾಮಿಲ್ಟನ್ ಬಾಟಲಿಯ ತಳ ಮೊಟ್ಟೆಯ ತುದಿಯಂತಿದ್ದು, ಅದನ್ನು ನೆಟ್ಟಗೆ ನಿಲ್ಲಿಸಲಾಗದು. ಮಲಗಿಸಿಯೇ ಇಡಬೇಕಾದ್ದರಿಂದ ಬಿರಡೆ ಒದ್ದೆಯಾಗಿ ಉಬ್ಬಿಕೊಂಡಿದ್ದು, ಅನಿಲ ಸೋರುತ್ತಿರಲಿಲ್ಲ.

ಹೊಸಹೆಜ್ಜೆ:
ಬೂದಿಯಲ್ಲಿ ಕ್ರೌನ್ ಮುಚ್ಚಳಗಳು ಇದ್ದವು, ಎತ್ತಿಟ್ಟಿದ್ದೇನೆ. ಈಗ ಬಾಟಲಿಯನ್ನು ತೊಳೆಯುವುದು ಹೇಗೆ? ಹೊರಮೈಯ ಒಂದು ಭಾಗದಲ್ಲಿ ಕಾಮನಬಿಲ್ಲಿನಂಥ ಹೊಳಪಿನ ಪೊರೆಯಿದೆ, ಉಜ್ಜಿದರೆ ಹೋಗುವುದಿಲ್ಲ.

ಕರಣೆಕೈ:
ಅದು ಕೊಳೆಯಲ್ಲ, ಆದ್ದರಿಂದ ಉಜ್ಜುವುದನ್ನು ನಿಲ್ಲಿಸಿ. ಒದ್ದೆ ಮಣ್ಣಿನಲ್ಲಿ ಗಾಜಿನ ಕ್ಷಾರಾಂಶ ಕರಗಿಹೋಗಿ ಮೇಲ್ಮೈ ತೆಳುಪದರಗಳಾಗಿ ಬಿರಿದಿದೆ. ತಾಮ್ರದ ತಂತಿಯ ತುಂಡುಗಳನ್ನೂ ಗಾಜಿಗೆ ಹೊಳಪು ಕೊಡುವ ಸೀರಿಯಂ ಆಕ್ಸೈಡ್ ಪುಡಿಯನ್ನೂ ಹಾಕಿ ಬಾಟಲಿ ಉರುಳಿಸುವ ಯಂತ್ರದಲ್ಲಿ ತಿರುಗಿಸಿದರೆ ಹೊಸದರಂತೆ ಹೊಳೆಯುತ್ತದೆ.

ಪದರಪದರ:
ಹೊಳೆಯುತ್ತದೆ, ಆದರೆ ಮೇಲ್ಮೈ ಸವೆದು ಅಕ್ಷರಗಳ ಅಂಚು ಮೊಂಡಾಗುತ್ತದೆ, ಬಾಯಿಯ ಸುತ್ತಲಿನ ಆ ಅಡ್ಡಗೀರುಗಳೂ ಅಳಿಯುತ್ತವೆ. ಯಾವ ಗುರುತಿನಿಂದ ಇದರ ಕಾಲವನ್ನು ಓದಿದೆವೋ ಅದನ್ನೇ ಹೊಳಪಿಗಾಗಿ ಕಳೆದುಕೊಳ್ಳಬೇಕೇ? ಬಣ್ಣವಿಲ್ಲದ ಹಳೆಯ ಗಾಜಿಗೆ ವಿಕಿರಣ ತಾಗಿಸಿ ಕಡು ನೇರಳೆ ಮಾಡಿ ಮಾರುವವರೂ ಇದ್ದಾರೆ. ಮ್ಯಾಂಗನೀಸ್ ಇರುವ ಗಾಜು ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದು ತಾನಾಗಿ ಪಡೆಯುವುದು ಸಾಮಾನ್ಯವಾಗಿ ತಿಳಿ ನೇರಳೆಯನ್ನು, ಆ ಕೃತಕ ಕಡು ಬಣ್ಣವನ್ನಲ್ಲ.

ಕರಣೆಕೈ:
ಸಾಮಾನ್ಯ ಬಾಟಲಿಗೆ ಅಷ್ಟು ಕಟ್ಟುನಿಟ್ಟು ಬೇಡ ಎಂಬುದು ನನ್ನ ಅಭಿಪ್ರಾಯ. ಆದರೆ ನಾಣ್ಯಗಳ ವಿಷಯದಲ್ಲಿ ನಾನೂ ನಿಮ್ಮ ಪಕ್ಷ. ಮಣ್ಣಿನ ಮರಳಿನ ಕಣಗಳು ಬೆಳ್ಳಿಗಿಂತ ಗಟ್ಟಿ, ಹೊಲದಲ್ಲೇ ಹೆಬ್ಬೆರಳಿನಿಂದ ಉಜ್ಜಿದರೆ ಗೀರುಗಳು ಉಳಿಯುತ್ತವೆ.

ಗಾಜುಗನ್ನಡಿ:
ಹೊಸಹೆಜ್ಜೆ ಅವರೇ, ಮೊದಲ ಬಾಟಲಿಯನ್ನು ಉರುಳಿಸುವುದು ಬೇಡ. ಒಳಗಿರುವುದು ಬರೀ ಮಣ್ಣೇ ಎಂದು ಖಚಿತವಾಗಿದ್ದರೆ ಮಾತ್ರ ಮುಂದುವರಿಯಿರಿ, ಕೈಗವಸು ಹಾಕಿಕೊಳ್ಳಿ. ನೆಲದಿಂದ ತಂದ ಗಾಜನ್ನು ಕೂಡಲೇ ಬಿಸಿನೀರಿಗೆ ಹಾಕಿದರೆ ಅಥವಾ ಬಿಸಿಲಿನಲ್ಲಿಟ್ಟರೆ ಸೀಳಬಹುದು. ನೆರಳಿನಲ್ಲಿ ಒಂದು ದಿನ ಇಟ್ಟು, ಕೋಣೆಯ ಉಷ್ಣತೆಯಲ್ಲೇ ಇರುವ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸೇರಿಸಿ ಮುಳುಗಿಸಿಡಿ. ಪ್ಲಾಸ್ಟಿಕ್ ತೊಟ್ಟಿಯಾದರೆ ಒಳ್ಳೆಯದು, ತಳಕ್ಕೆ ಬಟ್ಟೆ ಹಾಸಿ. ಮಣ್ಣು ನೆನೆದಂತೆ ನೀರು ಬದಲಾಯಿಸುತ್ತಾ, ಮೆತ್ತನೆಯ ನೈಲಾನ್ ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ಮರಳು ಹಾಕಿ ಕುಲುಕಬೇಡಿ, ಗೀರು ಬೀಳುತ್ತದೆ. ಬಿರಡೆಯ ತುಂಡನ್ನು ಒಳಗೆ ತಳ್ಳಬೇಡಿ, ಒಣಗುವಾಗ ಅದು ಕುಗ್ಗಿ ಒಡೆಯುತ್ತದೆ. ನೆನೆದು ಮೆತ್ತಗಾದಾಗ ಮೊಂಡು ಚಿಮಟದಿಂದ ನಿಧಾನವಾಗಿ ಹೊರತೆಗೆದು, ಬಾಟಲಿ ಸಿಕ್ಕ ದಿನಾಂಕ, ಆಳ ಮತ್ತು ಪದರವನ್ನು ಬರೆದ ಚೀಟಿಯ ಜೊತೆ ಬೇರೆ ಚೀಲದಲ್ಲಿ ಇಡಿ.

ಹೊಸಹೆಜ್ಜೆ:
ಬಾಟಲಿಯನ್ನು ನೀರಿಗೆ ಹಾಕಿದ್ದೇನೆ. ತಳದ ಬದಿಯಲ್ಲಿ ಮಣ್ಣು ಕರಗಿ ಉಬ್ಬಕ್ಷರಗಳು ಕಾಣತೊಡಗಿವೆ, ಪೂರ್ತಿ ಓದಲು ಸಿಕ್ಕಾಗ ಇಲ್ಲಿ ಬರೆಯುತ್ತೇನೆ.

ಗಾಜುಗನ್ನಡಿ:
ಅಕ್ಷರಗಳ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಉಬ್ಬುಗಳ ನೆರಳು ಬಿದ್ದು ಮಸುಕಾದ ಅಕ್ಷರವೂ ಓದಲು ಬರುತ್ತದೆ. ಬಿಡಿ ಅಂಕೆ ಮಾತ್ರ ಇದ್ದರೆ ಅದು ಅಚ್ಚಿನ ಸಂಖ್ಯೆಯಾಗಿರಬಹುದು, ಇಸವಿಯೆಂದು ತಿಳಿಯಬೇಡಿ.